ಕುರಿ ಕಾಯ್ದವಳ ಹೆಸರು

ತೊಟ್ಟಿಲ ಪಕ್ಕ ಕೂತಿದ್ದ ತಿಮ್ಮಮ್ಮ ಮೊಮ್ಮಗಳ ಕಿವಿಗೆ ವೀಳ್ಯದೆಲೆ ಒಡ್ಡಿ ಬಾಯಿ ಹತ್ತಿರ ತಂದವಳು, ಹಾಗೆಯೇ ತಡೆದು ತಲೆಯೆತ್ತಿದಳು. ಮಗುವಿಗೆ ಬಿಂಡಿಗನವಿಲೆ ಆಸ್ಪತ್ರೆಯ ನರ್ಸಮ್ಮನ ಹೆಸರನ್ನೇ ಇಡಬೇಕೆಂದು ಸೊಸೆ ಹೇಮ ಹಟ ಹಿಡಿದು ಗೆದ್ದಾಗಿತ್ತು. ಆದರೆ ಅರ್ಥ ತಿಳಿಯದ ಹೆಸರನ್ನು ಕಿವಿಗೆ ಹಾಕುವ ಪೈಕಿ ಅಲ್ಲ ಆ ಮುದುಕಿ.

"ರಾಹೇಲ ಅಂದ್ರೆ ಏನವ್ವ ನರ್ಸಮ್ಮ?"

ಗೋಡೆಗೊರಗಿ ಕೂತಿದ್ದ ರಾಹೇಲ, ಹೆಣ್ಣು ಕುರಿ ಎಂದರ್ಥ, ಬೈಬಲ್ಲಿನ ಆ ರಾಹೇಲ ಅಪ್ಪನ ಕುರಿಗಳನ್ನು ಬಾವಿಗೆ ಹೊಡೆದುಕೊಂಡು ಹೋಗಿ ನೀರು ಕುಡಿಸುತ್ತಿದ್ದವಳು ಎಂದಳು. ಅರವತ್ತು ವರ್ಷ ಕುರಿ ಮೇಯಿಸಿದ ತಿಮ್ಮಮ್ಮನ ಮುಖ ಅರಳಿದ್ದೇ ಅರಳಿದ್ದು. ಅಂಗಾದ್ರೆ ನಮ್ಮೋಳೇ ಬುಡು ಎಂದು ನೆಂಟರಿಗೆಲ್ಲ ಸಾರಿದಳು.

ಅಲ್ಲಿಗೆ ರಾಹೇಲ ಸುಮ್ಮನಾಗಬಹುದಿತ್ತು. ಹದಿನೆಂಟು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದಾಳೆ. ಈ ಹೆಸರಿಟ್ಟುಕೊಂಡು ಈ ಕೆಲಸವೇ ಎಂದು ಒಂದೊಂದು ಸಲ ಅವಳಿಗೇ ಅಳುಕಾಗುತ್ತದೆ. ತಿಂಗಳ ಹಿಂದೆ ಹೇಮಳಿಗೆ ನಾಗಮಂಗಲದ ದೊಡ್ಡಾಸ್ಪತ್ರೆ ಮುಟ್ಟುವ ಮೊದಲೇ, ರಾಹೇಲ ಜೊತೆಗಿದ್ದ ಆಂಬುಲೆನ್ಸಿನಲ್ಲಿ ಹೆರಿಗೆಯಾಗಿ, ರಕ್ತ ನಿಲ್ಲದೆ, ಜೀವ ಹೋಗಿ ಬಂದಿತ್ತು. ಅಂಥವಳ ಮಗಳಿಗೆ ಅರ್ಧ ಕಥೆ ಮುಚ್ಚಿಟ್ಟು ಹೆಸರು ಕೊಡಲು ಮನಸ್ಸು ಒಪ್ಪಲಿಲ್ಲ.

"ಅವ್ವ, ಪೂರ್ತಿ ಕೇಳ್ಬುಡಿ. ಆ ರಾಹೇಲ ದಾರೀಲೇ ಹೆತ್ಲು. ಮಗ ಉಳ್ಕತು, ಅವ್ಳು ಉಳೀಲಿಲ್ಲ. ದಾರಿ ಪಕ್ಕದಲ್ಲೇ ಮಣ್ಣು ಮಾಡಿದ್ರು. ಬೇರೆ ಹೆಸ್ರಿಡಿ."

ಹೇಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೆಂಟರಲ್ಲಿ ಒಬ್ಬಾಕೆಯಂತೂ ಅಪಶಕುನ ಎಂದೇಬಿಟ್ಟಳು. ತಿಮ್ಮಮ್ಮ ಎಲೆಯನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ, ಆ ಹೆಣ್ಣುಮಗಳ ಹತ್ತಿರ ಯಾರೂ ಇರಲಿಲ್ಲವೇ ಎಂದು ಕೇಳಿದಳು. ಸೂಲಗಿತ್ತಿ ಇದ್ದಳು, ಏನೂ ಮಾಡಲಾಗಲಿಲ್ಲ ಎಂದಳು ರಾಹೇಲ.

"ಅವ್ಳ ತಾವ ನೀನಿರ್ನಿಲ್ಲ ಕಣವ್ವ, ಅದ್ಕೇ ಹೋದ್ಲು. ನನ್ ಸೊಸೆ ತಾವ ನೀನಿದ್ದೆ. ಪಾಪ, ಅವ್ಳು ಬದುಕ್ದೆ ಬುಟ್ಟೋದ ವರ್ಸನೆಲ್ಲ ಈ ಕೂಸು ಬದುಕ್ಲಿ."

ಅಷ್ಟು ಹೇಳಿ ಮುದುಕಿ ತೊಟ್ಟಿಲಿಗೆ ಬಾಗಿ ಹೆಸರು ಕೂಗಿದಳು. ಮಂದೆ ಕೂಗಿ ಕರೆದು ರೂಢಿಯಾದ ಗಂಟಲು. ಕಿವಿಯಲ್ಲಿ ಹೇಳುವ ಹೆಸರು ಬೀದಿಗೂ ಕೇಳಿಸಿತು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಗೋಡೆಯ ಕಡೆಯಿಂದ ರಾಹೇಲ, ತನಗೇ ಗೊತ್ತಿಲ್ಲದೆ, "ಓ" ಎಂದಳು.