ಚರ್ಮದ ಮೇಲಿನ ಹೆಸರು

ಹುಣಸೆಹಣ್ಣು, ಒಲೆಯ ಬೂದಿ, ಕೊಬ್ಬರಿ ಎಣ್ಣೆ. ಈ ಮೂರರ ವಾಸನೆ ಒಟ್ಟಿಗೆ ಬಂದರೆ ನಾನು ಈಗಲೂ ಎಂಟು ವರ್ಷದವಳಾಗಿಬಿಡುತ್ತೇನೆ. ಅಪ್ಪ ಮೈಸೂರಿನ ಪೊಲೀಸ್ ಲೈನಿನಲ್ಲಿ ಬಂದೂಕುಗಳ ಉಸ್ತುವಾರಿ ನೋಡುವ ಹೆಡ್ ಕಾನ್‌ಸ್ಟೇಬಲ್ ಆಗಿದ್ದರು. ಆಯುಧಪೂಜೆಯ ಹಿಂದಿನ ದಿನ ಹಿತ್ತಾಳೆಯ ಬಿಲ್ಲೆಗಳನ್ನೂ ಚರ್ಮದ ಪಟ್ಟಿಗಳನ್ನೂ ಮನೆಗೆ ತರುತ್ತಿದ್ದರು. ಬಿಲ್ಲೆಗಳನ್ನು ಅಮ್ಮ ಉಜ್ಜುತ್ತಿದ್ದಳು, ಚರ್ಮಕ್ಕೆ ನಾನು ಎಣ್ಣೆ ತಿಕ್ಕುತ್ತಿದ್ದೆ. "ಕೊಳೆ ಇರೋ ಆಯುಧಕ್ಕೆ ಕುಂಕುಮ ಇಟ್ರೆ ದೇವಿಗೆ ಅವಮಾನ ಕಣಮ್ಮ" ಎನ್ನುತ್ತಿದ್ದರು ಅಪ್ಪ. ಎಪ್ಪತ್ತನಾಲ್ಕು ವರ್ಷ ವಯಸ್ಸಾದರೂ ಆ ಮಾತಿನಲ್ಲಿ ನನಗೆ ಸಂಶಯ ಬಂದಿರಲಿಲ್ಲ.

ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ನಮ್ಮ ಎದುರು ಮನೆಯವಳು ಗೆರ್ಲಿಂಡೆ. ಮೂವತ್ತೊಂದು ವರ್ಷಗಳಿಂದ ಒಂದೇ ಮೆಟ್ಟಿಲುಗಳನ್ನು ವಾರಕ್ಕೊಬ್ಬರಂತೆ ಗುಡಿಸುತ್ತ ಬಂದಿದ್ದೇವೆ. ಈ ಸರದಿಗೆ ಇಲ್ಲಿ ಕೇರ್‌ವೋಖೆ ಎನ್ನುತ್ತಾರೆ. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಮರದ ಹಲಗೆ ನೇತು ಹಾಕುವುದು ವಾಡಿಕೆ. ನನಗೆ ಬೆನ್ನುನೋವಿದ್ದ ಚಳಿಗಾಲದಲ್ಲಿ ಆ ಹಲಗೆ ಆರು ವಾರ ನಮ್ಮ ಬಾಗಿಲಿಗೆ ಬರಲೇ ಇಲ್ಲ. ನನ್ನ ಸರದಿಯನ್ನೂ ಅವಳೇ ಗುಡಿಸಿದ್ದಳು.

ಕಳೆದ ವರ್ಷ ಅವಳ ಗಂಡ ಎಬರ್‌ಹಾರ್ಡ್ ತೀರಿಕೊಂಡ. ಅವನಿಗೆ ಇದ್ದದ್ದು ಒಂದೇ ಹುಚ್ಚು. ಸ್ವಿಸ್ ಸೈನ್ಯ ಬಳಸಿ ಮಾರಿದ್ದ ಒಂದು ಹಳೆಯ ಬಂದೂಕು, ಅದರ ತುದಿಗೆ ಸಿಕ್ಕಿಸುವ ಚೂರಿ, ಹೆಗಲ ಪಟ್ಟಿ, ಗುಂಡು ಇಡುವ ಎರಡು ಚರ್ಮದ ಚೀಲ. ಎಲ್ಲವೂ ಒಬ್ಬನೇ ಸೈನಿಕನವು. ಬಂದೂಕು ಲೈಸೆನ್ಸಿನ ಪ್ರಕಾರ ಉಕ್ಕಿನ ಕಪಾಟಿನಲ್ಲಿತ್ತು, ಉಳಿದದ್ದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ಈ ಜೋಡಣೆ ಒಡೆಯಬಾರದು, ಉಲ್ಮ್‌ನಲ್ಲಿರುವ ಒಬ್ಬ ಸಂಗ್ರಾಹಕನಿಗೆ ಒಟ್ಟಿಗೇ ಹೋಗಬೇಕು ಎಂದು ಅವನು ಸಾಯುವ ಮುಂಚೆ ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ.

ಅಕ್ಟೋಬರಿನಲ್ಲಿ ಗೆರ್ಲಿಂಡೆಗೆ ಸೊಂಟದ ಆಪರೇಷನ್ ಆಯಿತು. ಗಿಡಗಳಿಗೆ ನೀರು ಹಾಕಲು ನನಗೆ ಬೀಗದ ಕೈ ಕೊಟ್ಟಿದ್ದಳು. ಹಜಾರದ ಮೇಜಿನ ಮೇಲೆ ಆ ರಟ್ಟಿನ ಪೆಟ್ಟಿಗೆ ತೆರೆದೇ ಇತ್ತು. ಕಪ್ಪಾದ ಚೂರಿ, ಒಣಗಿ ಬಿರುಕು ಬಿಟ್ಟ ಚರ್ಮ. ನೋಡಿ ಅಯ್ಯೋ ಅನ್ನಿಸಿತು. ಅಂದು ಅಷ್ಟಮಿ, ಮರುದಿನವೇ ಆಯುಧಪೂಜೆ. ಪೆಟ್ಟಿಗೆ ಎತ್ತಿಕೊಂಡು ಮನೆಗೆ ಬಂದೆ.

"ಏನೇ ಇದು, ಚೂರಿ ಹಿಡ್ಕೊಂಡ್ ಬರ್ತಿದೀಯ?" ಎಂದರು ನನ್ನವರು, ಉಪೇಂದ್ರ. "ಸಾರಿಗೆ ಉಪ್ಪು ಕಮ್ಮಿ ಅಂದಿದ್ದಕ್ಕಾ?"

"ಗೆರ್ಲಿಂಡೆದು ಕಣ್ರೀ. ಪಾಪ, ಅವಳು ಬರೋಷ್ಟರಲ್ಲಿ ಬೆಳಗಿ ಇಟ್ಬಿಡೋಣ ಅಂತ."

"ಅವಳನ್ನ ಒಂದ್ ಮಾತು ಕೇಳ್ದ್ಯಾ?"

"ಸರ್‌ಪ್ರೈಸ್ ಇರ್ಲಿ ಬಿಡಿ."

ಇಡೀ ಮಧ್ಯಾಹ್ನ ಉಜ್ಜಿದೆ. ಹುಣಸೆಹಣ್ಣಿಗೆ ಚೂರಿ ಬೆಳ್ಳಿಯಂತಾಯಿತು. ಚೀಲಗಳ ಒಳಗಡೆ ಮಸಿ ಬಳಿದಂಥ ಕಲೆಗಳಿದ್ದವು. ಸೋಪಿನ ನೀರಿನಲ್ಲಿ ಒರೆಸಿ ಅವನ್ನು ತೆಗೆದು ಎಣ್ಣೆ ಹಚ್ಚಿದೆ. ಮರುದಿನ ಕುಂಕುಮ, ಸೇವಂತಿಗೆ ಇಟ್ಟು ಮಂಗಳಾರತಿ ಮಾಡಿದೆ. ಆಮೇಲೆ ಕುಂಕುಮ ಒರೆಸಿ ಪೆಟ್ಟಿಗೆಯನ್ನು ಮುಚ್ಚಿ ಅದರ ಜಾಗದಲ್ಲೇ ಇಟ್ಟೆ. ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದುಕೊಂಡೆ.

ಗೆರ್ಲಿಂಡೆ ಮನೆಗೆ ಬಂದ ಮೂರನೆಯ ವಾರ ಬೆಲೆ ಕಟ್ಟುವವರು ಬಂದರು. ಕುಗ್ಲರ್ ಎಂದು ಹೆಸರು, ಪಕ್ಕದ ಊರಿನ ಬಂದೂಕಿನ ಅಂಗಡಿಯವರು. ಪಟ್ಟಿ ಬರೆದುಕೊಡಲು ಗೆರ್ಲಿಂಡೆ ನನ್ನನ್ನು ಕರೆದಿದ್ದಳು. ನನ್ನ ಅಕ್ಷರ ಚೆಂದ ಎಂದು ಅವಳ ಅಭಿಪ್ರಾಯ. ಪೆಟ್ಟಿಗೆಯನ್ನು ಅವಳಿನ್ನೂ ತೆರೆದಿರಲಿಲ್ಲ, ನಾನೂ ಬಾಯಿ ಬಿಟ್ಟಿರಲಿಲ್ಲ. ಬಂದವರ ಎದುರಿಗೇ ನೋಡಿ ಹಿಗ್ಗಲಿ ಎಂಬ ಆಸೆ ನನ್ನದು.

ಕುಗ್ಲರ್ ಬಿಳಿಯ ಹತ್ತಿಯ ಕೈಗವಸು ಹಾಕಿಕೊಂಡು ಬಂದೂಕನ್ನು ಮಗುವಿನಂತೆ ಮೇಜಿನ ಮೇಲೆ ಮಲಗಿಸಿದರು. "ಹರಾಜಿನ ಹುಮ್ಮಸ್ಸಿನಲ್ಲಿ ಬರುವ ಬೆಲೆಯಲ್ಲ, ಆತುರದಲ್ಲಿ ಮಾರುವ ಬೆಲೆಯೂ ಅಲ್ಲ" ಎಂದರು. "ವಿಷಯ ತಿಳಿದ ಇಬ್ಬರು ಯಾವ ಒತ್ತಡವೂ ಇಲ್ಲದೆ ಒಪ್ಪುವ ಬೆಲೆ. ಅದನ್ನಷ್ಟೇ ನಾನು ಹೇಳುವುದು."

ಬಂದೂಕಿನ ಹಿಡಿಯ ತುದಿಯಲ್ಲಿದ್ದ ಲೋಹದ ತಗಡನ್ನು ಬಿಚ್ಚಿದರು. ಒಳಗೆ ಮಡಿಸಿದ ಒಂದು ಕಾಗದದ ಚೂರಿತ್ತು. ಯೋಸೆಫ್ ಎಗ್ಗರ್ ಎಂಬ ಸೈನಿಕನ ಹೆಸರು, ಅವನ ಊರು. ಆ ಸೈನಿಕರು ಹಾಗೆ ಬರೆದಿಡುತ್ತಿದ್ದರಂತೆ. ಕುಗ್ಲರ್ ಮುಖ ಅರಳಿತು. "ಈಗ ಚೀಲದ ಒಳಗೂ ಇದೇ ಹೆಸರಿದ್ದರೆ ಎಲ್ಲ ಒಬ್ಬನದೇ ಎಂದು ಸಾಬೀತಾಯಿತು. ಉಲ್ಮ್‌ನವರು ಕಾಯುತ್ತಿರುವುದೂ ಇದಕ್ಕೇ."

"ಇದೆ, ಇಂಕಿನಲ್ಲಿ ಬರೆದಿದ್ದಾನೆ" ಎಂದಳು ಗೆರ್ಲಿಂಡೆ.

ಆಗ ನನಗೆ ನೆನಪಾಯಿತು. ಮಸಿ ಬಳಿದಂಥ ಕಲೆಗಳು!

ಕುಗ್ಲರ್ ಚೀಲ ತೆರೆದು ದೀಪಕ್ಕೆ ಹಿಡಿದರು, ಇನ್ನೊಂದನ್ನೂ ಹಿಡಿದರು. ಥಳಥಳಿಸುವ ಚೂರಿಯನ್ನು ಎತ್ತಿ ನೋಡಿ ಉಸಿರು ಬಿಟ್ಟರು. "ಯಾರೋ ಉಜ್ಜಿದ್ದಾರೆ. ಎಂಬತ್ತು ವರ್ಷದ ಬಣ್ಣ ಹೋಯಿತು, ಹೆಸರೂ ಹೋಯಿತು. ಒಟ್ಟಾಗಿದ್ದರೆ ಒಂಬೈನೂರು ಯೂರೋ ಎನ್ನುತ್ತಿದ್ದೆ. ಈಗ ಇವು ಬಿಡಿ ಸಾಮಾನು, ಅರ್ಧವೂ ಬರುವುದಿಲ್ಲ." ಚರ್ಮವನ್ನು ಮೂಸಿದರು. "ತೆಂಗಿನ ವಾಸನೆ. ವಿಚಿತ್ರ."

ಗೆರ್ಲಿಂಡೆ ನನ್ನ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು. ನಾನು ಪಟ್ಟಿಯ ಮೇಲೆ ತಲೆ ಬಗ್ಗಿಸಿದೆ.

"ಎಬರ್‌ಹಾರ್ಡ್ ಇರಬೇಕು" ಎಂದಳು ಕೊನೆಗೆ. "ಕೊನೆಕೊನೆಗೆ ಅವನಿಗೆ ಮರೆವು."

"ಬರೆದುಕೊಳ್ಳಿ" ಎಂದರು ಕುಗ್ಲರ್ ನನಗೆ. ನಾನು ಬರೆದೆ. 'ಹಿಂದಿನ ಮಾಲೀಕರಿಂದ ತಪ್ಪಾಗಿ ಶುಚಿಗೊಳಿಸಲಾಗಿದೆ.' ಹೆಂಡತಿಯ ಧೂಳು ಒರೆಸುವ ಬಟ್ಟೆಯನ್ನೂ ಆ ಪೆಟ್ಟಿಗೆಯ ಹತ್ತಿರ ಬಿಡದಿದ್ದವನ ಮೇಲೆ ತಪ್ಪು ಹೊರಿಸಿದೆ, ನನ್ನ ಚೆಂದದ ಅಕ್ಷರದಲ್ಲಿ.

ಮನೆಗೆ ಬಂದು ಎಲ್ಲ ಹೇಳಿದಾಗ ಉಪೇಂದ್ರ ನಗಲಿಲ್ಲ. "ಉಜ್ಜಿದ್ದು ಗೊತ್ತಿಲ್ದೆ ಆಯ್ತು. ಬರ್ದಿದ್ದು ಗೊತ್ತಿದ್ದೇ ಬರ್ದೆ ಅಲ್ವೇನೇ?" ಎಂದರು.

"ಹೇಳ್ಬೇಡಿ ಹಾಗೆ."

"ನಾನು ಹೇಳೋದೇನಿದೆ? ಎದುರು ಬಾಗ್ಲು. ಹೋಗಿ ಹೇಳ್ಬಿಟ್ ಬಾ, ಭಾನು."

ಆ ಐದು ಹೆಜ್ಜೆ ನಡೆಯಲು ನನಗೆ ಎರಡು ದಿನ ಬೇಕಾಯಿತು. ಗೆರ್ಲಿಂಡೆ ಕಿಟಕಿಯ ಪಕ್ಕ ಕುಳಿತಿದ್ದಳು. ನಾನು ಕೂರದೆಯೇ ಹೇಳಿದೆ, ಹಬ್ಬ, ಹುಣಸೆಹಣ್ಣು, ಸೋಪು, ಎಣ್ಣೆ ಎಲ್ಲವನ್ನೂ. ನನ್ನ ಜರ್ಮನ್ ಮೊದಲ ವರ್ಷದಂತೆ ತೊದಲಿತು.

"ನನಗೆ ಗೊತ್ತಿತ್ತು" ಎಂದಳು. "ಆಸ್ಪತ್ರೆಯಲ್ಲಿ ನೀನು ನನ್ನ ತಲೆಗೆ ಹಚ್ಚಿ ಬಾಚಿದ್ದು ಇದೇ ಎಣ್ಣೆ."

"ಮತ್ತೆ ಯಾಕೆ ಅವನ ಹೆಸರು ಹೇಳಿದೆ?"

"'ಅವನಲ್ಲ, ನಾನೇ ಮಾಡಿದ್ದು' ಅಂತ ನೀನು ಹೇಳುತ್ತೀಯೆಂದು ಕಾದೆ. ನೀನು ಬರೆಯುತ್ತಲೇ ಇದ್ದೆ." ಅವಳು ಕಿಟಕಿಯ ಕಡೆ ತಿರುಗಿದಳು. "ಅವನು ಭಾನುವಾರ ಆ ಚೀಲ ತೆಗೆದು ಹೆಸರು ಓದುತ್ತಿದ್ದ. 'ಗೂಟನ್ ಮೋರ್ಗನ್, ಯೋಸೆಫ್' ಅಂತ ಬೆಳಗಿನ ನಮಸ್ಕಾರ ಹೇಳುತ್ತಿದ್ದ. ಈಗ ಹೋಗು, ಭಾನು. ನನಗೆ ಸುಸ್ತಾಗಿದೆ."

ಮರುದಿನ ಬಸ್ ಹಿಡಿದು ಕುಗ್ಲರ್ ಅಂಗಡಿಗೆ ಹೋದೆ. ಆ ಸಾಲನ್ನು ತಿದ್ದಬೇಕೆಂದು ಕೇಳಿದೆ.

"ಬೆಲೆಯೇನೂ ಬದಲಾಗುವುದಿಲ್ಲ, ಅಮ್ಮಾ."

"ಗೊತ್ತು. ಅವರು ಉಜ್ಜಲಿಲ್ಲ, ನಾನು ಉಜ್ಜಿದೆ. ಹಾಗೇ ಇರಲಿ."

ಅವರು ನನ್ನ ಮುಖ ನೋಡದೆ ಹಳೆಯ ಸಾಲನ್ನು ಹೊಡೆದುಹಾಕಿ ಪೆನ್ನನ್ನು ನನ್ನ ಕಡೆ ನೂಕಿದರು. 'ಮಾಲೀಕರ ಅಪ್ಪಣೆಯಿಲ್ಲದೆ ನೆರೆಯವಳಾದ ನಾನು ಶುಚಿಗೊಳಿಸಿದೆ' ಎಂದು ಬರೆದು ರುಜು ಹಾಕಿದೆ. ಹೊರಡುವಾಗ ಅವರು ಬಾಗಿಲು ತೆರೆದು ಹಿಡಿದು, "ಮೆಟ್ಟಿಲು ಒದ್ದೆಯಿದೆ, ನಿಧಾನ" ಎಂದರು. ತಿದ್ದಿದ ಪಟ್ಟಿಯ ಒಂದು ಪ್ರತಿಯನ್ನು ಗೆರ್ಲಿಂಡೆಯ ಅಂಚೆ ಪೆಟ್ಟಿಗೆಗೆ ಹಾಕಿದೆ.

ಉಲ್ಮ್‌ನವರು ಬಂದೂಕು ಮಾತ್ರ ತೆಗೆದುಕೊಂಡರು. ಕಾಗದದ ಚೂರೂ ಅದರೊಳಗೇ ಹೋಯಿತು. ಚೂರಿ, ಪಟ್ಟಿ, ಚೀಲಗಳು ಹೆಸರಿಲ್ಲದೆ ಇಲ್ಲಿಯೇ ಉಳಿದವು. ಸತ್ತವನಿಗೆ ಕೊಟ್ಟ ಮಾತು ನನ್ನಿಂದ ಮುರಿಯಿತು.

ಎರಡು ವಾರ ನಾನು ಅವಳ ಹೆಜ್ಜೆಯ ಸದ್ದು ಕೇಳಿದರೆ ಬಾಗಿಲ ಹಿಂದೆಯೇ ನಿಲ್ಲುತ್ತಿದ್ದೆ. ಯಾರೂ ಇಲ್ಲದಾಗ ಅವಳ ಸರದಿಯ ಮೆಟ್ಟಿಲುಗಳನ್ನೂ ಗುಡಿಸಿದೆ. ಒರೆಸುವ ಬಟ್ಟೆ ಹಿಡಿದಾಗಲೆಲ್ಲ ನನ್ನ ಕೈಯನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ಶನಿವಾರ ಮಧ್ಯಾಹ್ನ ಬಾಗಿಲ ಗಂಟೆ ಸದ್ದು ಮಾಡಿತು. ತೆರೆದರೆ ಗೆರ್ಲಿಂಡೆ. ಒಂದು ಕೈ ನಡೆಗೋಲಿನ ಮೇಲಿತ್ತು. ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ಪಾತ್ರೆ. ನಾನು ಎರಡೂ ಕೈಚಾಚಿ ಪಾತ್ರೆಯನ್ನು ಹಿಡಿದೆ. ಅವಳು ತಿರುಗಿ, ಒಂದೊಂದೇ ಹೆಜ್ಜೆ ಇಟ್ಟು ತನ್ನ ಬಾಗಿಲಿಗೆ ಹೋದಳು.

ಬಟ್ಟೆ ಸರಿಸಿದೆ. ಬಿಸಿಯಾದ ಚೆನ್ನಂಗಿ ಬೇಳೆ, ಪಕ್ಕದಲ್ಲಿ ಮನೆಯಲ್ಲೇ ಒತ್ತಿದ ಶ್ಪೆಟ್ಸ್‌ಲೆ ಎಂಬ ದಪ್ಪ ಶಾವಿಗೆ. ಇಲ್ಲಿನವರು ಹಂದಿಮಾಂಸವಿಲ್ಲದೆ ಇದನ್ನು ಮಾಡುವುದೇ ಇಲ್ಲ, ನಮ್ಮ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ. ಗೆರ್ಲಿಂಡೆ ಅದನ್ನು ಹಾಕಿರಲಿಲ್ಲ.