ತೂಕಡಿಕೆ

“ಇನ್ನೂ ಸ್ವಲ್ಪ ಒಳಕ್ಕೆ ತಳ್ಳಿ… ತಲೆ ಮುಂದಕ್ಕೆ ಬರಲಿ. ಹಾಂ, ಈಗ ಪಟ್ಟಿ ಬಿಗೀರಿ!”

ಮೇಷ್ಟ್ರ ತಮ್ಮ ಕೂಗುತ್ತಿದ್ದಂತೆ ಪೆಟ್ಟಿಗೆ ವ್ಯಾನಿನೊಳಕ್ಕೆ ಸರಿಯಿತು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮೇಷ್ಟ್ರು ಕೊನೆಯ ಸಲ ಗಾಡಿ ಹತ್ತಿದ್ದರು.

“ಎರಡೆರಡು ಪಟ್ಟಿ ಯಾಕೋ?” ಎಂದಳು ಹೊಲಿಗೆ ಅಂಗಡಿಯವಳು.

“ಬೆಲ್ಟ್ ಸಡಿಲ ಇದ್ರೆ ಮೇಷ್ಟ್ರು ಎದ್ದು ಇಳಿದುಬಿಡ್ತಾರೆ ಕಣಕ್ಕಾ,” ಎಂದ ಬೇಕರಿಯವನು. ಇಬ್ಬರೂ ಅವರ ಶಿಷ್ಯರೇ.

“ನನಗೆ ತಿಂಗಳುಗಟ್ಟಲೆ ಸ್ಟೀರಿಂಗ್ ಮುಟ್ಟೋಕೇ ಬಿಡ್ಲಿಲ್ಲ ಮಹಾರಾಯರು. ಪಕ್ಕದಲ್ಲಿ ಕೂರಿಸಿ ಬರೀ ರಸ್ತೆ ನೋಡಿಸಿದ್ರು.”

“ನಿನ್ನನ್ನ ನೋಡೋಕೆ ಬಂದ ಗಂಡಿನವರೂ ಅಷ್ಟು ನೋಡಿರ್ಲಿಲ್ಲ ಬಿಡು.”

ಅಳುತ್ತಿದ್ದವರೂ ನಕ್ಕುಬಿಟ್ಟರು. ಮೇಷ್ಟ್ರ ಹೆಂಡತಿ ಮಾತ್ರ ನಗಲಿಲ್ಲ. ಆಕೆ ಚಾಲಕನ ಕಣ್ಣುಗಳನ್ನು ನೋಡುತ್ತಿದ್ದಳು. ಅವು ಕೆಂಡದಂತಿದ್ದವು.

“ನಿದ್ದೆ ಮಾಡಿದ್ಯೇನಪ್ಪಾ?”

“ಎಲ್ಲಮ್ಮಾ? ನಿನ್ನೆಯಿಂದ ಒಂದಾದ ಮೇಲೊಂದು. ಸಾಯೋರು ನಮ್ಮನ್ನ ಕೇಳಿ ಸಾಯ್ತಾರಾ?” ಎಂದು ಅವನು ಆಕಳಿಸಿ, ಬಾಗಿಲು ತೆಗೆದುಕೊಟ್ಟ.

ಆಕೆ ಮುಂದೆ ಅವನ ಸಾಲಿನಲ್ಲೇ, ನಡುವಿನ ಸೀಟು ಬಿಟ್ಟು, ಕಿಟಕಿಯ ಬಳಿ ಕುಳಿತಳು. ಸ್ಮಶಾನ ಊರಾಚೆ, ಕೆರೆಯ ಆ ದಂಡೆಗಿತ್ತು. ಹೊತ್ತು ಮುಳುಗಿದರೆ ಗೇಟು ಮುಚ್ಚುತ್ತಿದ್ದರು. ಆಮೇಲೆ ಯಾರು ಬಂದರೂ ಬೆಳಗಿನವರೆಗೆ ಹೊರಗೇ. ಮೇಷ್ಟ್ರ ತಮ್ಮ ಅದನ್ನೇ ಹತ್ತು ಸಲ ಹೇಳಿ, ತನ್ನ ಕಾರಿನಲ್ಲಿ ಹಿಂದೆ ಹೊರಟ. ಅವನ ಹಿಂದೆ ಶಿಷ್ಯರ ಕಾರುಗಳು.

ಊರು ದಾಟಿ ಕೆರೆ ಏರಿಯ ರಸ್ತೆಗೆ ಬಂದಾಗ ಚಾಲಕನ ತಲೆ ಒಮ್ಮೆ ಎದೆಯ ಮೇಲೆ ವಾಲಿತು. ಆ ಕ್ಷಣಕ್ಕೇ ಹಿಂದಿನಿಂದ, ಹಲಗೆಯ ಮೇಲೆ ಬೆರಳ ಗಂಟಿನಿಂದ ಬಡಿದಂತೆ, ‘ಟಕ್’ ಎಂದಿತು. ಅವನು ಬೆಚ್ಚಿ ನೆಟ್ಟಗಾದ.

“ರಸ್ತೆ ಸರಿಯಿಲ್ಲ,” ಎಂದ.

ರಸ್ತೆ ಅಂಗೈಯಂತೆ ಸಪಾಟಾಗಿತ್ತು.

ಸ್ವಲ್ಪ ದೂರ ಹೋದ ಮೇಲೆ ಅವನ ರೆಪ್ಪೆ ಮತ್ತೆ ಕೂಡಿತು. ಮತ್ತೆ ‘ಟಕ್’. ಎರಡು ಪಟ್ಟಿ ಬಿಗಿದ ಪೆಟ್ಟಿಗೆ ಅಲುಗುವ ಹಾಗಿರಲಿಲ್ಲ. ಎಡಕ್ಕೆ ಕೆರೆಯ ನೀರು ಕಪ್ಪಗೆ, ಅಲೆಯಿಲ್ಲದೆ, ಗಾಡಿಯ ಜೊತೆಯಲ್ಲೇ ಬರುವಂತೆ ಕಾಣುತ್ತಿತ್ತು. ಮೂರನೆಯ ಸಲ ಸದ್ದಾಗುವವರೆಗೆ ಆಕೆ ಕಾಯಲಿಲ್ಲ.

“ನಿಲ್ಸಪ್ಪಾ.”

“ಏನಮ್ಮಾ, ವಾಂತಿ ಬರ್ತಿದ್ಯಾ?”

“ಗಾಡಿ ಪಕ್ಕಕ್ಕೆ ಹಾಕು. ಹಾಕಿ ಮಲಕ್ಕೋ.”

ಅವನು ಪಿಳಿಪಿಳಿ ನೋಡಿದ. ಆದರೆ ನಿದ್ದೆಗೆ ಬೇಡ ಎನ್ನುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಗಾಡಿ ನಿಲ್ಲಿಸಿ ಬಾಗಿಲಿಗೆ ತಲೆ ಆನಿಸಿದವನೇ ಸತ್ತಂತೆ ಮಲಗಿಬಿಟ್ಟ.

ಮೇಷ್ಟ್ರ ತಮ್ಮ ಓಡಿಬಂದ.

“ಏನಾಯ್ತು ಅತ್ತಿಗೆ? ಗಾಡಿ ಕೆಟ್ಟಿತಾ?”

“ಗಾಡಿ ಚೆನ್ನಾಗಿದೆ. ಅವನಿಗೆ ನಿದ್ದೆ.”

“ಮುಖಕ್ಕೆ ನೀರು ಹಾಕಿ ಎಬ್ಬಿಸಿದ್ರಾಯ್ತು! ಹೊತ್ತು ಎಲ್ಲಿಗೆ ಬಂತು ನೋಡಿದ್ರಾ?” ಎಂದವನು ಬೇಕರಿಯವನ ಕಡೆಗೆ ತಿರುಗಿದ. “ನೀನು ಓಡ್ಸೋ.”

ಬೇಕರಿಯವನು ಪೆಟ್ಟಿಗೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. “ನಂದು ಕಾರಿನ ಲೈಸೆನ್ಸು ಸ್ವಾಮಿ. ದೊಡ್ಡ ಗಾಡೀದಲ್ಲ. ಮೇಷ್ಟ್ರು ಇರೋವಾಗ ಹೆಂಗೆ ಕೂತ್ಕೊಳ್ಳಿ?”

ಶಿಷ್ಯರಲ್ಲಿ ಒಬ್ಬನೂ ಮುಂದೆ ಬರಲಿಲ್ಲ.

“ಹುಚ್ಚು ಹಿಡಿದಿದೆ ನಿಮಗೆಲ್ಲ! ಅತ್ತಿಗೆ, ಅಣ್ಣನ್ನ ರಾತ್ರಿಯೆಲ್ಲಾ ಗೇಟಿನ ಹೊರಗೆ ಅನಾಥನ ಹಾಗೆ ಇಡ್ತೀರಾ? ನಿಮ್ಮದು ಮನಸ್ಸೋ ಕಲ್ಲೋ?”

ಆ ಮಾತು ಆಕೆಗೆ ಹೊಸದಾಗಿರಲಿಲ್ಲ. ಅದನ್ನು ಮೊದಲು ಆಡಿದವಳು ಆಕೆಯೇ.

*

ಅಂದು ಇನ್ನೂ ನಸುಕು. ಚೊಚ್ಚಲ ಹೆರಿಗೆಯ ನೋವು ಹಿಡಿದು ಆಕೆ ಕಾರಿನ ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಮಲಗಿದ್ದಳು. ಆಸ್ಪತ್ರೆಯಲ್ಲಿದ್ದ ತಂದೆಯ ಹಾಸಿಗೆಯ ಪಕ್ಕ ಎರಡು ರಾತ್ರಿ ಎದ್ದಿದ್ದು ಆಗಷ್ಟೇ ಮನೆಗೆ ಬಂದಿದ್ದ ಗಂಡ ಕೀಲಿ ಹಾಕಿದ. ಸುಮ್ಮನೆ ಕುಳಿತ. ಮತ್ತೆ ಕೀಲಿ ತೆಗೆದ.

“ಇಲ್ಲ ಕಣೇ. ಕಣ್ಣು ನನ್ನ ಮಾತು ಕೇಳ್ತಿಲ್ಲ. ಹಾಲಿನವನಿಗೆ ಓಡ್ಸೋಕೆ ಬರುತ್ತೆ, ಅವನನ್ನ ಕರ್ಕೊಂಡು ಬರ್ತೀನಿ.”

“ಅಯ್ಯೋ, ಹೊರಡ್ರೀ! ದಮ್ಮಯ್ಯ!”

ಅವನು ಬರಿಗಾಲಲ್ಲಿ ಬೀದಿಯುದ್ದಕ್ಕೂ ಓಡಿದ. ಆ ಕಾಲ ಸದ್ದು ದೂರವಾಗುವುದನ್ನು ಆಕೆ ಕೇಳುತ್ತ ಮಲಗಿದ್ದಳು. ಹಾಲಿನವನು ಎದ್ದು, ಅಂಗಿ ತೊಟ್ಟು ಬರುವ ಹೊತ್ತಿಗೆ ಬೆಳಕು ಹರಿದಿತ್ತು. ಆಸ್ಪತ್ರೆಯಲ್ಲಿ ಮಗು ಅಳಲಿಲ್ಲ.

“ಮೊದಲೇ ಬಂದಿದ್ರೆ…” ಎಂದು ಶುರುಮಾಡಿದ ಡಾಕ್ಟರು ಮಾತು ನುಂಗಿ, “ಹೇಳೋಕಾಗಲ್ಲ. ದೇವರಿಗೇ ಗೊತ್ತು,” ಎಂದರು.

“ನೀವು ಕಲ್ಲು,” ಎಂದಳು ಆಕೆ ಗಂಡನಿಗೆ.

ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಅದೇ ವರ್ಷ ಅವನು ಕಾರು ಕಲಿಸಲು ಹೊರಟ. “ನಿದ್ದೆ ಬಾಗಿಲು ತಟ್ಟಿ ಬರಲ್ಲ. ಯಾರೇ ಕಾಯ್ತಿರಲಿ, ಏನೇ ಹೋಗಲಿ, ಗಾಡಿ ನಿಲ್ಸು,” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಏನು ಹೋಗಿತ್ತೆಂದು ಯಾರಿಗೂ ಹೇಳಲಿಲ್ಲ. ಒಮ್ಮೊಮ್ಮೆ ಹೆಂಡತಿಯನ್ನೂ ಕರೆಯುತ್ತಿದ್ದ.

“ಬಾರೇ, ನಿನಗೂ ಕಲಿಸ್ತೀನಿ.”

“ನನಗೆ ಎಲ್ಲಿಗೂ ಹೋಗೋದೇನಿಲ್ಲ.”

ಆಕೆ ಅವನಿಗೆ ಊಟ ಬಡಿಸಿದಳು, ಜ್ವರ ಬಂದಾಗ ಹಣೆ ಒರೆಸಿದಳು, ದೇವರ ಮುಂದೆ ಅವನ ಆಯುಸ್ಸನ್ನೂ ಬೇಡಿದಳು. ಆದರೆ ಆಡಿದ ಆ ಒಂದು ಮಾತನ್ನು ಕೊನೆಯವರೆಗೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

*

ಹೊತ್ತು ಕೆರೆಯಾಚೆ ಇಳಿಯಿತು. ಮೇಷ್ಟ್ರ ತಮ್ಮ ಕೂಗಿ ಕೂಗಿ ಸೋತು ರಸ್ತೆಬದಿಯ ಕಲ್ಲಿನ ಮೇಲೆ ಕುಸಿದಿದ್ದ. ಯಾರೂ ಹೇಳದಿದ್ದರೂ ಸಾಲಿನ ಕಾರುಗಳಲ್ಲಿ ಒಂದೊಂದಾಗಿ ಹಳದಿ ದೀಪಗಳು ಮಿನುಗತೊಡಗಿದವು. ಉಸಿರು ಬಿಟ್ಟು ಎಳೆದಂತೆ ಆರುತ್ತಿದ್ದವು, ಹತ್ತುತ್ತಿದ್ದವು.

ವ್ಯಾನಿನಲ್ಲಿ ಚಾಲಕನ ಗೊರಕೆಯೊಂದೇ ಕೇಳುತ್ತಿತ್ತು. ಆಕೆ ಹಿಂದಿನ ಪುಟ್ಟ ಗಾಜಿನ ಕಿಂಡಿಯ ಕಡೆಗೆ ತಿರುಗಿದಳು.

“ತಡ ಆಯ್ತು,” ಎಂದಳು ಮೆಲ್ಲಗೆ. “ಆಗಲಿ ಬಿಡಿ. ನಿಮ್ಮದು ಕಲ್ಲಲ್ಲ.”

ಹಿಂದೆ ಏನೂ ಸದ್ದಾಗಲಿಲ್ಲ. ಆದರೆ ಚಾಲಕನಿಗೂ ಆಕೆಗೂ ನಡುವೆ ಖಾಲಿಯಿದ್ದ ಸೀಟಿನ ಮೆತ್ತೆ ನಿಧಾನವಾಗಿ ತಗ್ಗಿತು. ತಗ್ಗು ಚಿಕ್ಕದು, ದೊಡ್ಡವರು ಕೂತದ್ದಲ್ಲ. ಆಕೆ ಕೂಗಲಿಲ್ಲ. ಬಹಳ ಹೊತ್ತು ನೋಡಿ, ಅದರ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು.

ಹೊಲಿಗೆ ಅಂಗಡಿಯವಳು ನೀರು ಹಿಡಿದು ಬಂದು ಬಾಗಿಲು ತೆರೆದಳು.

“ಗೇಟು ಹಾಕ್ಬಿಟ್ರಂತೆ ಅಮ್ಮಾ. ಫೋನ್ ಬಂತು.”

“ಹಾಕ್ಲಿ.”

“ಒಬ್ರೇ ಹೆಂಗೆ ಕೂತಿರ್ತೀರಾ? ಸ್ವಲ್ಪ ಒಳಗೆ ಸರೀರಿ, ನಾನೂ ಕೂರ್ತೀನಿ.”

“ಇಲ್ಲಿ ಜಾಗ ಇಲ್ಲ ಕಣಮ್ಮಾ,” ಎಂದಳು ಆಕೆ, ಕೈ ತೆಗೆಯದೆ.

ಹೊಲಿಗೆಯವಳು ಆ ಕೈಯನ್ನು ನೋಡಿದಳು. ಕೈಯ ಕೆಳಗೆ ನೋಡಿದಳು. ಆಮೇಲೆ ಹಿಂದೆ ಸರಿದು, ಕೂಸು ಮಲಗಿದ ಕೋಣೆಯ ಬಾಗಿಲು ಎಳೆಯುವವಳಂತೆ, ವ್ಯಾನಿನ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದಳು.