ಬರೀ ತೋಳಿನ ಅಂಗಿ

"ಏಯ್, ಕಣ್ಣೆಲ್ಲಿಟ್ಟಿದ್ದೀಯೆ ಮುಂಡೇದೆ? ಪಕ್ಕದವಳ ಕಾಲರ್ ನೋಡಿ ಏನ್ ಕಿಸಿಯೋದಿದೆ ನಿಂಗೆ? ತೋಳು ಹೊಲಿ, ತೋಳು!"

ಸೂಪರ್‌ವೈಸರ್ ಅಳತೆ ಟೇಪನ್ನು ಮಷೀನಿನ ಮೇಲೆ ಫಟಾರನೆ ಬಡಿದ. ತೋಳಕ್ಕ ತಲೆ ತಗ್ಗಿಸಿ ಪೆಡಲ್ ಒತ್ತಿದಳು.

ಹನ್ನೊಂದು ವರ್ಷದಿಂದ ಅವಳು ಹೊಲಿದದ್ದು ಅಂಗಿಯ ತೋಳು ಮಾತ್ರ. ಅದಕ್ಕೇ ಆ ಹೆಸರು. ಹಿಂದಿನ ಸಾಲಿನ ಮುದುಕಿ ಗುಂಡಿಯಜ್ಜಿ, ಅವಳದು ಬರೀ ಗುಂಡಿ. ಇಡೀ ಅಂಗಿ ಹೊಲಿಯಲು ಬರುವವಳು ಆ ಕಾರ್ಖಾನೆಯಲ್ಲಿ ಒಬ್ಬಳೂ ಇರಲಿಲ್ಲ. ಇರಲು ಬಿಡುತ್ತಲೂ ಇರಲಿಲ್ಲ. ಪೂರ್ತಿ ಕಲಿತವಳು ಮನೆಯಲ್ಲೇ ಒಂದು ಮಷೀನಿಟ್ಟುಕೊಂಡು 'ಹೋಗಯ್ಯಾ ನೀನು' ಅಂದುಬಿಟ್ಟರೆ ಧಣಿಯ ಗತಿ?

ಆದ್ದರಿಂದ ಸರ್ಕಾರದ ಟೈಲರಿಂಗ್ ತರಬೇತಿ ಕಾರ್ಖಾನೆಗೇ ಬಂತೆಂದಾಗ ತೋಳಕ್ಕ ಎಲ್ಲರಿಗಿಂತ ಮೊದಲು ಹೆಸರು ಬರೆಸಿದ್ದಳು. ಅರವತ್ತು ದಿನ. ಬಟ್ಟೆ ಕತ್ತರಿಸುವುದು, ಕಾಲರ್, ಜೇಬು, ಎಲ್ಲ ಕಲಿಸುತ್ತಾರಂತೆ. ಕಲಿತವರ ತಲೆಗಿಷ್ಟೆಂದು ಧಣಿಗೆ ಸರ್ಕಾರ ದುಡ್ಡು ಕೊಡುತ್ತದಂತೆ. ಆ ಅರವತ್ತು ದಿನವೂ ತರಬೇತಿ ಕೋಣೆಗೆ ಬೀಗ ಜಡಿದಿತ್ತು. ತೋಳಕ್ಕ ತೋಳು ಹೊಲಿದಳು, ಗುಂಡಿಯಜ್ಜಿ ಗುಂಡಿ ಹಾಕಿದಳು.

ಇವತ್ತು ತರಬೇತಿ ನೋಡಲು ಸರ್ಕಾರದ ಅಧಿಕಾರಿ ಬರುತ್ತಾನೆಂದು ಬೀಗ ತೆಗೆದರು. ಹೊಸ ಮಷೀನುಗಳಿಗೆ ಸುತ್ತಿದ ಕಾಗದ ಇನ್ನೂ ಹಾಗೇ ಇತ್ತು.

"ಅರವತ್ತು ದಿನದ ಹಾಜರಿಗೆ ಸಹಿ ಹಾಕಿ, ಸರ್ಟಿಫಿಕೇಟ್ ಇಸ್ಕೊಳ್ಳಿ, ಫೋಟೋಗೆ ಹಲ್ಲು ಕಿರೀರಿ," ಎಂದ ಸೂಪರ್‌ವೈಸರ್.

"ಏನೂ ಕಲ್ತಿಲ್ವಲ್ಲಣ್ಣ," ಎಂದಳು ತೋಳಕ್ಕ. "ಮುಂದಿನ ಸಲ ಸೇರ್ಕೋಬಹುದಾ?"

"ಒಂದ್ಸಲ ಸರ್ಟಿಫಿಕೇಟ್ ತಗೊಂಡ್ರೆ ಮುಗೀತು. ಕಲ್ತೋಳಿಗೆ ಮತ್ತೇನೇ ಕಲಿಸ್ತಾರೆ?"

ಅಂದರೆ ಸಹಿ ಹಾಕಿದರೆ ಅವಳು ಕಾಗದದ ಮೇಲೆ ದರ್ಜಿ, ಸಾಯುವ ತನಕ ತೋಳಕ್ಕ.

ಅಧಿಕಾರಿ ಬಂದ. ಗರಿಗರಿ ಅಂಗಿ. ಅದರ ತೋಳಿನ ಹೊಲಿಗೆ ಓರೆಯಾಗಿರುವುದು ಅವಳಿಗೆ ದೂರದಿಂದಲೇ ಕಂಡಿತು.

"ಏನಮ್ಮಾ, ಏನೇನು ಕಲಿತ್ರಿ?"

"ಇಡೀ ಅಂಗಿ ಹೊಲೀತಾಳೆ ಸಾರ್," ಸೂಪರ್‌ವೈಸರ್ ಬಾಯಿ ಹಾಕಿದ.

"ಹೌದು ಸಾರ್," ಎಂದಳು ತೋಳಕ್ಕ. "ತೋರಿಸ್ತೀನಿ, ಐದು ನಿಮಿಷ ಕೂತ್ಕೊಳ್ಳಿ."

ಹೊಲಿಯುವ ಸಾಲಿನಿಂದ ತಾನು ಹೊಲಿದ ತೋಳುಗಳ ಕಟ್ಟು ತಂದಳು. ಹೊಸ ಮಷೀನಿನ ಕಾಗದ ಪರ್ರನೆ ಹರಿದು ಕೂತಳು. ತೋಳಿಗೆ ತೋಳು ಜೋಡಿಸಿದಳು, ಅದಕ್ಕೆ ಇನ್ನೊಂದು, ಮತ್ತೊಂದು. ಒಟ್ಟು ಎಂಟು. ಸೂಪರ್‌ವೈಸರನ ಮುಖ ಸುಣ್ಣವಾಯಿತು. ಯಾರೂ ಕರೆಯದೆ ಗುಂಡಿಯಜ್ಜಿ ಎದ್ದು ಬಂದು, ಅದರ ನಡುವೆ ಒಂದು ಗುಂಡಿ ಹಾಕಿ ದಾರ ಕಚ್ಚಿದಳು.

ಕುತ್ತಿಗೆಯಿಲ್ಲದ, ಬೆನ್ನಿಲ್ಲದ ಅದನ್ನು ತೋಳಕ್ಕ ಅಧಿಕಾರಿಯ ಎದೆಗೇ ಹಿಡಿದಳು.

"ಇವ್ರು ಕಲಿಸಿದ್ದು ಇಷ್ಟೇ ಸಾರ್. ಹಾಕ್ಕೊಂಡು ನೋಡಿ."

ಅಧಿಕಾರಿ ಗಡಿಯಾರ ನೋಡಿಕೊಂಡ. "ಇದೆಲ್ಲ ಆಮೇಲೆ. ಮೊದಲು ಸಹಿ ಆಗ್ಲಿ. ನನಗೆ ಇನ್ನೂ ಎರಡು ಕಡೆ ಹೋಗೋದಿದೆ."

ಪೆನ್ನು ಗುಂಡಿಯಜ್ಜಿಯ ಮುಂದೆ ಬಂತು.

"ನನ್ ಕೈಲಿ ಸೂಜಿ ಇದೆಯಪ್ಪಾ," ಎಂದು ಅವಳು ಕೈ ಹಿಂದಕ್ಕೆಳೆದುಕೊಂಡಳು. ಅವಳ ಪಕ್ಕದವಳೂ ಪೆನ್ನು ಮುಟ್ಟಲಿಲ್ಲ, ಅವಳಾಚೆಯವಳೂ ಮುಟ್ಟಲಿಲ್ಲ.

"ಲೌಡಿ, ನಾಳೆಯಿಂದ ಗೇಟಿನ ಒಳಗೆ ಕಾಲಿಡು, ನೋಡ್ತೀನಿ!" ಸೂಪರ್‌ವೈಸರ್ ತೋಳಕ್ಕನ ಕೈಯಿಂದ ಆ ಅಂಗಿಯನ್ನು ಕಿತ್ತುಕೊಂಡು ಎರಡೂ ಕೈಯಿಂದ ಹರಿಯಲು ಎಳೆದ. ಹಲ್ಲು ಕಚ್ಚಿ ಮತ್ತೆ ಎಳೆದ.

ಹನ್ನೊಂದು ವರ್ಷದ ಕೈ ಹಾಕಿದ ಹೊಲಿಗೆ ಅದು. ಒಂದು ಎಳೆಯೂ ಬಿಡಲಿಲ್ಲ.